ಕುದುರೆ ಬಲಕ್ಕೆ, ಏಡಿ ಎಡಕ್ಕೆ

ನಮ್ಮೂರಿಗೆ ಯಾವ ಕಾಲದಲ್ಲಾದರೂ ಸರಿ, ಒಮ್ಮೆ ಬಂದು ಹೋದ ಹಡಗು ತಾನು ಬಂದ ತಾರೀಕಿಗೆ ಪ್ರತಿ ವರ್ಷ ಮತ್ತೆ ಬರುತ್ತದೆ. ಬೆಳಕು ಹರಿಯುವ ಹೊತ್ತಿಗೆ ಅಳಿವೆಯಲ್ಲಿ ಕಾಣಿಸಿಕೊಂಡು, ನಿಧಾನಕ್ಕೆ ಹಡಗು ಕಟ್ಟುವ ಧಕ್ಕೆಗೆ ಬಂದು ತಾನಾಗಿ ನಿಲ್ಲುತ್ತದೆ. ಒಳಗೆ ಯಾರೂ ಇರುವುದಿಲ್ಲ. ಹೊತ್ತು ಮುಳುಗುವ ಮೊದಲು ಹೊರಟು ಹೋಗುತ್ತದೆ. ಇದರಲ್ಲಿ ಹೊರಗಿನವರಿಗೆ ಏನು ಸೋಜಿಗ ಕಾಣುತ್ತದೋ ನನಗೆ ಗೊತ್ತಿಲ್ಲ; ನಮಗೆ ಅದು ಕ್ಯಾಲೆಂಡರು, ಅಷ್ಟೆ. ಮಾರ್ಚ್ ಮೂರು ಎಂದು ನಮ್ಮಲ್ಲಿ ಯಾರೂ ಹೇಳುವುದಿಲ್ಲ, ಆನೆ ಹಡಗಿನ ದಿನ ಎನ್ನುತ್ತಾರೆ. ಜೂನ್ ಹನ್ನೊಂದು ಗಡಿಯಾರದ ಹಡಗು. ಅವತ್ತು ಊರಿನ ಗಡಿಯಾರಗಳೆಲ್ಲ ದಿಕ್ಕಾಪಾಲು ಓಡುವುದರಿಂದ ಶಾಲೆಗೆ ತಡವಾಗಿ ಬಂದ ಮಕ್ಕಳಿಗೆ ಬೈಗುಳ ತಪ್ಪುತ್ತದೆ. ಮೆಣಸಿನಕಾಯಿಯ ಬೀಜವನ್ನು ಮೊದಲು ತಂದಿಳಿಸಿದ ಹಡಗು ಆಗಸ್ಟಿನಲ್ಲಿ ಬರುತ್ತದೆ. ಅವತ್ತು ಮೀನು ಹರಾಜು ಕೂಗುವವನು ಸೀನುತ್ತಲೇ ಕೂಗಬೇಕು. ಬಟ್ಟೆ ಒಣಗಿಸಲು ಜಾಗ ಸಾಲದ ಹೆಂಗಸರು ಹಡಗಿನ ಹಗ್ಗಗಳ ಮೇಲೆ ಸೀರೆ ಹರವುತ್ತಾರೆ. ಸಂಜೆ ತೆಗೆಯಲು ಮರೆತರೆ ಸೀರೆಗೆ ಒಂದು ವರ್ಷ ಕಾಯಬೇಕು. ನನ್ನ ಅತ್ತಿಗೆಯ ಒಂದು ಸೀರೆ ಹಾಗೆ ಹೋಗಿ ಮರುವರ್ಷ ಮಡಚಿಕೊಂಡು ಬಂತು. ಯಾರು ಮಡಚಿದರೆಂದು ಯಾರೂ ಕೇಳಲಿಲ್ಲ, ಇಸ್ತ್ರಿ ಇಲ್ಲವೆಂದು ಅವಳು ಗೊಣಗಿದಳು.

ಇಲ್ಲಿನ ಮನೆಗಳ ಹಿರಿಯರೆಲ್ಲ ಒಂದಲ್ಲ ಒಂದು ಹಡಗಿನಲ್ಲಿ ಬಂದಿಳಿದವರು. ಆ ಹಡಗಿನ ಲಾಂಛನವನ್ನು ಮನೆಯ ಬಾಗಿಲ ಮೇಲೆ ಕೆತ್ತಿಸಿಕೊಂಡಿರುತ್ತಾರೆ. ಮೂರು ಕೀಲಿಕೈ, ಬಾಯಲ್ಲಿ ಮೀನು ಹಿಡಿದ ಹಂಸ, ಬಾಲ ಮೇಲೆತ್ತಿದ ಸಿಂಹ, ಹೀಗೆ. ಹೆಣ್ಣು ನೋಡಲು ಬಂದವರು ಮೊದಲು ನೋಡುವುದು ಬಾಗಿಲನ್ನು. ಹುಟ್ಟಿದ ದಿನ ಇಲ್ಲಿ ಯಾರಿಗೂ ನೆನಪಿರುವುದಿಲ್ಲ. ತಮ್ಮ ಹಡಗು ಬರುವ ದಿನವೇ ಮನೆದಿನ. ಅವತ್ತು ಸ್ನಾನ ಮಾಡಿ ಧಕ್ಕೆಗೆ ಹೋಗಿ ಹಡಗಿನ ಹಗ್ಗ ಮುಟ್ಟಿ ಬಂದು ಪಾಯಸ ಉಣ್ಣುವುದು ಪದ್ಧತಿ. ಹಗ್ಗ ಮುಟ್ಟಬಹುದು, ಮೇಲೆ ಹತ್ತುವ ಹಾಗಿಲ್ಲ. ಹತ್ತುವ ಅಧಿಕಾರ ಇಬ್ಬರಿಗೆ ಮಾತ್ರ: ದಿನ ಓದುವವರಿಗೆ ಮತ್ತು ಬೋರ್ಡು ಬರೆಯುವವನಿಗೆ. ಬೋರ್ಡು ಬರೆಯುವವನು ನಾನು, ಲಿಂಗಪ್ಪ. ಮೂವತ್ತೆರಡು ವರ್ಷದಿಂದ ದಿನಕ್ಕೊಂದು ಲಾಂಛನ ಬರೆದು ಅಳಿಸಿದ್ದೇನೆ. ಸಿಂಹದ ಬಾಲವನ್ನು ಈಗ ಕಣ್ಣು ಮುಚ್ಚಿ ಬರೆಯಬಲ್ಲೆ.

ದಿನ ಓದುವುದೆಂದರೆ ಇಷ್ಟು. ಬೆಳಿಗ್ಗೆ ಹಡಗು ನಿಂತ ಮೇಲೆ ಓದುವವರು ಹಗ್ಗದ ಏಣಿ ಹತ್ತಿ ಹೋಗುತ್ತಾರೆ. ಮೇಲೆ, ನಡುಗಂಬದ ಬುಡದಲ್ಲಿ ಲಾಂಛನದ ಹಲಗೆ ಇರುತ್ತದೆ. ಅದನ್ನು ಒಮ್ಮೆ ಸರಿಯಾಗಿ ನೋಡಿಕೊಂಡು, ಆಮೇಲೆ ಅದಕ್ಕೆ ಬೆನ್ನು ಕೊಟ್ಟು ನಿಲ್ಲಬೇಕು. ಆಗ ತಮ್ಮ ಬಲಗೈ ಇರುವ ಬದಿಯೇ ಲಾಂಛನದ ಬಲ. ಗುರಾಣಿ ಹಿಡಿದವನ ಬಲ ಲೆಕ್ಕಕ್ಕೆ ಬರುತ್ತದೆ, ಎದುರು ನಿಂತು ನೋಡುವವನದ್ದಲ್ಲ. ಹಾಗೆ ಮನದಟ್ಟು ಮಾಡಿಕೊಂಡು ಕೆಳಗಿಳಿದು, ಧಕ್ಕೆಯ ಕಲ್ಲಿನ ಮೇಲೆ ನಿಂತು, ನೆರೆದ ಜನಕ್ಕೆ ಕೇಳುವ ಹಾಗೆ ಓದುತ್ತಾರೆ: ಇಂಥ ವರ್ಷ, ಇದೇ ದಿನ, ಇಂಥ ಹಡಗು ಇಂಥ ಸಾಮಾನು ಹೊತ್ತು ಬಂತು, ಅದರ ಲಾಂಛನ ಹೀಗೆ. ಓದಿದ್ದು ಸರಿಯಾಗಿದ್ದರೆ ಹಡಗಿನ ಪತಾಕೆ ತಾನಾಗಿ ಮೇಲೇರುತ್ತದೆ. ಏರಿದರೆ ಸಂಜೆ ಹಡಗು ಹೋಗುತ್ತದೆ. ಏರದಿದ್ದರೆ ಅಲ್ಲೇ ನಿಲ್ಲುತ್ತದೆ. ತಿದ್ದುವುದಿದ್ದರೆ ತಪ್ಪು ಓದಿದವರೇ ತಿದ್ದಬೇಕು, ಆ ಹಡಗಿನ ದಿನದಂದೇ ತಿದ್ದಬೇಕು, ತಪ್ಪಿದ್ದು ಹೇಗೆಂದು ಎಲ್ಲರೆದುರು ಹೇಳಿ ಆಮೇಲೆ ಓದಬೇಕು.

ಐತಪ್ಪ ಮಾಸ್ತರು ನಲವತ್ತು ವರ್ಷ ದಿನ ಓದಿದವರು. ಒಂದು ದಿನವೂ ತಪ್ಪಿದವರಲ್ಲ. ಆನೆ ಹಡಗಿನಲ್ಲಿ ಎಷ್ಟು ಆನೆ ಇದ್ದವು, ದಾರಿಯಲ್ಲಿ ಎಷ್ಟು ಸತ್ತವು, ಬದುಕಿ ಇಳಿದದ್ದರ ಹೆಸರೇನು ಎಂದು ಕ್ಯಾಂಟೀನಿನಲ್ಲಿ ಜಗಳವಾದರೆ ಅವರ ಮಾತೇ ಕೊನೆಯ ಮಾತು. ಅಂಥವರು ಒಂದು ನವೆಂಬರ್ ಹತ್ತೊಂಬತ್ತರಂದು ತಪ್ಪಿದರು. ಅವತ್ತು ಬರುವುದು ಹಗ್ಗ ಮತ್ತು ಒಣಹಣ್ಣು ತಂದ ಎರಡು ಕಂಬದ ಸಣ್ಣ ಹಡಗು. ನೀಲಿ ಗುರಾಣಿ, ನಡುವೆ ಬಿಳಿಯ ಅಡ್ಡಪಟ್ಟಿ, ಬಲಕ್ಕೆ ಕುದುರೆ, ಎಡಕ್ಕೆ ಏಡಿ. ಮಾಸ್ತರು ಏಡಿ ಬಲಕ್ಕೆ, ಕುದುರೆ ಎಡಕ್ಕೆ ಎಂದು ಓದಿದರು. ಪತಾಕೆ ಅಲ್ಲಾಡಲಿಲ್ಲ. ಇನ್ನೊಮ್ಮೆ ಓದಿ ಮಾಸ್ತರೇ ಎಂದರು ಜನ. ಇನ್ನೊಮ್ಮೆಯೂ ಹಾಗೆಯೇ ಓದಿ, ಕಲ್ಲಿನಿಂದ ಇಳಿದು ಮನೆಗೆ ನಡೆದರು. ಮರುದಿನ ಬೆಳಗಾಗುವ ಮೊದಲೇ ಅವರ ಹೆಂಡತಿ ಕಮಲಾಕ್ಷಿಯಕ್ಕ ತೀರಿಕೊಂಡರು. ಆರು ತಿಂಗಳಿಂದ ಹಾಸಿಗೆಯಲ್ಲಿದ್ದವರು, ಆದುದರಿಂದ ಯಾರಿಗೂ ಆಶ್ಚರ್ಯವಾಗಲಿಲ್ಲ. ಕಮಲಾಕ್ಷಿಯಕ್ಕ ಹುಟ್ಟಿದ್ದು ಏಡಿ-ಕುದುರೆ ಬಾಗಿಲಿನ ಮನೆಯಲ್ಲಿ. ಅವರ ತವರಿನವರು ಬಂದದ್ದು ಅದೇ ಹಡಗಿನಲ್ಲಿ.

ಹದಿಮೂರನೆಯ ದಿನ ಕಳೆದ ಮೇಲೆ ಊರಿನವರು ಸಭೆ ಸೇರಿದರು. ದೋಣಿಗಳ ಧಣಿ ಸಂಜೀವ ಬಂಗೇರ ಎದ್ದು, ಮಾಸ್ತರಿಗೆ ಮೊಣಕಾಲು ನೋವು, ಏಣಿ ಹತ್ತಲಾರದೆ ಧಕ್ಕೆಯ ಮೇಲಿಂದಲೇ ನೋಡಿ ಓದಿದ್ದಾರೆ, ಎದುರಿನಿಂದ ನೋಡಿದರೆ ಎಡಬಲ ಅದಲುಬದಲಾಗದೆ ಇನ್ನೇನಾಗುತ್ತದೆ ಎಂದ. ಮಾಸ್ತರು ತಲೆಯೆತ್ತದೆ ಹೌದು ಎಂದರು. ಅವತ್ತು ಬೆಳಿಗ್ಗೆ ಏಣಿಯ ಬುಡ ಹಿಡಿದು ನಿಂತವನು ನಾನು. ಮಾಸ್ತರು ಹತ್ತಿದ್ದನ್ನೂ, ಹಲಗೆಗೆ ಬೆನ್ನು ಕೊಟ್ಟು ತುಂಬ ಹೊತ್ತು ನಿಂತದ್ದನ್ನೂ ನೋಡಿದ್ದೆ. ಆದರೂ ಬಾಯಿ ಬಿಡಲಿಲ್ಲ. ಹೆಂಡತಿಯ ಚಿಂತೆಯಲ್ಲಿ ತಲೆ ಮಂಕಾಗಿರಬೇಕು, ತಲೆ ಕೆಟ್ಟಿತು ಎನ್ನಿಸಿಕೊಳ್ಳುವುದಕ್ಕಿಂತ ಕಾಲು ಕೆಟ್ಟಿತು ಎನ್ನಿಸಿಕೊಳ್ಳುವುದು ಮರ್ಯಾದೆ ಎಂದುಕೊಂಡೆ. ಅದು ಉಪಕಾರವಾಯಿತೋ ಅಪಕಾರವಾಯಿತೋ, ಊರಿಗೆ ಒಂದು ಹೊಸ ಮಾತು ಸಿಕ್ಕಿತು. ಯಾರಾದರೂ ಕೆಲಸವನ್ನು ಕಾಟಾಚಾರಕ್ಕೆ ಮಾಡಿದರೆ ಧಕ್ಕೆಯಿಂದ ಓದಿದ ಎನ್ನತೊಡಗಿದರು. ಬೇಳೆ ಬೇಯದಿದ್ದರೆ, ಅಂಗಿಯ ಗುಂಡಿ ಕಳಚಿದರೆ, ಎಲ್ಲಕ್ಕೂ ಅದೇ ಮಾತು. ಮಾಸ್ತರು ಅಂದಿನಿಂದ ಧಕ್ಕೆಯ ಕಡೆ ಬರುವುದನ್ನು ಬಿಟ್ಟರು. ದಿನ ಓದುವ ಕೆಲಸ ಮಗಳು ವಾರಿಜಳಿಗೆ ಬಂತು.

ವಾರಿಜಳಿಗೆ ಈಗ ನಲವತ್ತು ದಾಟಿದೆ. ಗಂಡ ಬೇರೆ ಊರಿನವನು, ಹಡಗುಗಳ ಸಹವಾಸ ಆಗದೆ ಮದುವೆಯಾದ ಮೂರನೆಯ ವರ್ಷ ತನ್ನೂರಿಗೆ ವಾಪಸು ಹೋದ. ಅದಕ್ಕಾಗಿ ಅವಳು ಬೇಸರ ಪಟ್ಟದ್ದನ್ನು ನಾನು ಕಂಡಿಲ್ಲ. ಅವಳು ಬೇಸರ ಪಡುತ್ತಿದ್ದದ್ದು ಆ ಮಾತಿಗೆ. ಒಂದು ಸಲ ಮಾಲತಿಯ ಕ್ಯಾಂಟೀನಿನಲ್ಲಿ ಯಾರೋ ಚಹಾಕ್ಕೆ ಸಕ್ಕರೆ ಹಾಕಲು ಮರೆತ ಮಾಲತಿಗೆ ಧಕ್ಕೆಯಿಂದ ಓದಿದೆಯಾ ಎಂದು ಕೇಳಿ, ಪಕ್ಕದಲ್ಲಿ ಕೂತಿದ್ದ ವಾರಿಜಳನ್ನು ನೋಡಿ ನಾಲಗೆ ಕಚ್ಚಿಕೊಂಡ. ಅವಳು ಲೋಟ ಖಾಲಿ ಮಾಡಿ ಎದ್ದಳು. ಏಣಿಯ ವಿಷಯ ಅವಳಿಗಾದರೂ ಹೇಳಬೇಕಿತ್ತು ಎಂದು ನನಗೆ ಅವತ್ತು ಅನ್ನಿಸಿತು. ಹೇಳಲಿಲ್ಲ. ಮುಚ್ಚಿಟ್ಟ ಮಾತಿಗೆ ವರ್ಷವಾದ ಹಾಗೆ ಅದನ್ನು ತೆಗೆಯುವುದು ಕಷ್ಟ. ಪ್ರತಿ ನವೆಂಬರಿನಲ್ಲೂ ಅವಳು ಅಪ್ಪನಿಗೆ ಬಂದು ತಿದ್ದಿ ಎಂದು ಹೇಳುತ್ತಿದ್ದಳು. ಅವರು ಪ್ರತಿ ಸಲವೂ ಏಣಿ ಹತ್ತಲು ಆಗುವುದಿಲ್ಲ ಎನ್ನುತ್ತಿದ್ದರು. ಎತ್ತಿ ಕೂರಿಸುತ್ತೇವೆ ಎಂದು ನಾಲ್ಕು ಜನ ಹೋಗಿ ಕೇಳಿದ್ದೂ ಆಯಿತು. ಬೇಡ ಎಂದರು.

ಹನ್ನೊಂದು ವರ್ಷ ಆ ಹಡಗು ಧಕ್ಕೆಯ ಅರ್ಧ ಜಾಗ ಹಿಡಿದು ನಿಂತಿತು. ಒಂದೇ ದಿನ ಎರಡು ಹಡಗು ಬರುವ ತಾರೀಕುಗಳಲ್ಲಿ ಒಂದು ಅಳಿವೆಯಲ್ಲೇ ಕಾದು ನಿಲ್ಲಬೇಕಾಗುತ್ತಿತ್ತು. ಅದೂ ಹೇಗೋ ನಡೆಯುತ್ತಿತ್ತೇನೋ. ಆದರೆ ಫೆಬ್ರವರಿ ಇಪ್ಪತ್ತೊಂಬತ್ತರಂದು, ನಾಲ್ಕು ವರ್ಷಕ್ಕೊಮ್ಮೆ, ಗಂಡಭೇರುಂಡದ ಪತಾಕೆಯ ಐದು ಕಂಬದ ಹಡಗು ಬರುತ್ತದೆ. ಬಂದರು ಕಟ್ಟಲು ಕಲ್ಲು ತಂದ ಹಡಗು ಅದು, ಅದಕ್ಕೆ ಇಡೀ ಧಕ್ಕೆ ಬೇಕು. ಮೊದಲ ಸಲ ಹೇಗೋ ಓರೆಯಾಗಿ ನಿಂತು ಹೋಯಿತು. ಎರಡನೆಯ ಸಲ ಜಾಗ ಸಾಲದೆ ಮೀನುಗಾರರ ದೋಣಿಗಳು ಕಟ್ಟಿದ್ದ ಕಡೆಗೆ ಜರುಗಿತು. ಏಳು ದೋಣಿ ಪುಡಿಯಾದವು. ಅದರಲ್ಲಿ ಎರಡು ಬಂಗೇರನವು, ಒಂದು ಅವನ ಅಪ್ಪ ಕೈಯಾರೆ ಕಟ್ಟಿದ್ದು. ಮೂರನೆಯ ಸಲ ಬರಲು ಇನ್ನು ನಾಲ್ಕು ತಿಂಗಳಿತ್ತು. ಅಕ್ಟೋಬರಿನ ಸಭೆಯಲ್ಲಿ ತೀರ್ಮಾನವಾಯಿತು: ನವೆಂಬರ್ ಹತ್ತೊಂಬತ್ತರಂದು ಆ ಹಡಗು ಹೋಗದಿದ್ದರೆ ಇಪ್ಪತ್ತರಿಂದ ಒಡೆಯುವುದು.

ಒಡೆಯುವುದೆಂದರೆ ಏನೆಂದು ಊರಿಗೆ ಗೊತ್ತು. ನಮ್ಮ ಅಜ್ಜನ ಕಾಲದಲ್ಲಿ ಗಾಜಿನ ಹಡಗನ್ನು ತಪ್ಪು ಓದಿದವರು ಆ ವಾರವೇ ಸತ್ತರು. ತಿದ್ದುವವರಿಲ್ಲದೆ ನಿಂತ ಹಡಗನ್ನು ಕೊನೆಗೆ ಒಡೆದು ಸೌದೆ ಮಾಡಿದರು. ಅದು ಮತ್ತೆ ಬರಲಿಲ್ಲ. ಸೆಪ್ಟೆಂಬರ್ ಇಪ್ಪತ್ತೊಂದರಂದು ನಾನು ಬೋರ್ಡಿನ ಮೇಲೆ ಏನೂ ಬರೆಯುವುದಿಲ್ಲ, ಒರಸಿ ಇಡುತ್ತೇನೆ ಅಷ್ಟೆ. ಆ ಹಡಗಿನ ನಾಲ್ಕು ಮನೆಗಳನ್ನು ಇವತ್ತಿಗೂ ದಿನವಿಲ್ಲದವರು ಎಂದೇ ಕರೆಯುತ್ತಾರೆ. ಅವರು ಪಾಯಸ ಮಾಡುವುದಿದ್ದರೆ ಬಾಗಿಲು ಹಾಕಿಕೊಂಡು ಮಾಡುತ್ತಾರೆ. ವಾರಿಜಳಿಗೆ ಬೇಕಿದ್ದದ್ದು ಎರಡೇ: ಅಮ್ಮನ ಹಡಗು ಸೌದೆಯಾಗಬಾರದು, ಅಪ್ಪ ಕಣ್ಣು ಮುಚ್ಚುವ ಮೊದಲು ಆ ಹಾಳು ಮಾತು ಊರಿನ ಬಾಯಿಂದ ಹೋಗಬೇಕು. ಎರಡಕ್ಕೂ ಅಪ್ಪ ಹೊಸ್ತಿಲು ದಾಟಬೇಕಿತ್ತು.

ಒಡೆಯುವ ಮೊದಲು ಒಳಗೆ ಏನಾದರೂ ಉಳಿದಿದೆಯೇ ಎಂದು ನೋಡಿ ಪಟ್ಟಿ ಮಾಡಲು ಸಭೆಯವರು ನನಗೂ ವಾರಿಜಳಿಗೂ ಹೇಳಿದ್ದರು. ಹದಿನೇಳನೆಯ ತಾರೀಕು ಬೆಳಿಗ್ಗೆ ಹತ್ತಿದೆವು. ನಾವು ಯಾವಾಗಲೂ ಹಲಗೆಯ ಹತ್ತಿರ ಹೋಗಿ ಇಳಿದು ಬರುವವರು, ಕೆಳಗಿನ ಕೋಣೆಯ ಕಡೆ ತಲೆ ಹಾಕಿದವರಲ್ಲ. ಅವತ್ತು ಕೋಣೆಯ ಬಾಗಿಲು ನೂಕಿದಾಗ ಒಳಗೆ ಹಗ್ಗದ ಸುರುಳಿಗಳು, ಖಾಲಿ ಪೀಪಾಯಿಗಳು, ಅವುಗಳ ನಡುವೆ ಒಂದು ಬೆತ್ತದ ಕುರ್ಚಿ. ಕುರ್ಚಿಯ ನಾಲ್ಕೂ ಮೂಲೆಗೆ ಗಟ್ಟಿ ಹಗ್ಗ ಬಿಗಿದು, ಮೇಲೆ ಒಂದೇ ಗಂಟಿಗೆ ಸೇರಿಸಿತ್ತು. ಎತ್ತಲು ಮಾಡಿದ ಕಟ್ಟು ಅದು, ಮೂಟೆಯನ್ನಲ್ಲ, ಮನುಷ್ಯರನ್ನು. ಕುರ್ಚಿಗೆ ದಿಂಬೊಂದನ್ನು ಕಟ್ಟಿತ್ತು. ವಾರಿಜ ಬಗ್ಗಿ ಕೂರುವ ಜಾಗದ ಹೆಣಿಗೆಯನ್ನು ಮುಟ್ಟಿದಳು. ಹರಿದಲ್ಲಿ ನೀಲಿ ನೈಲಾನ್ ನೂಲಿನಿಂದ ಹೆಣೆದು ರಿಪೇರಿ ಮಾಡಿತ್ತು. ಅವಳು ಆ ಧೂಳಿನಲ್ಲೇ ಕೂತುಬಿಟ್ಟಳು.

ಆ ಕುರ್ಚಿಯ ಜೊತೆಯದ್ದು ಅವರ ಮನೆಯ ಚಾವಡಿಯಲ್ಲಿದೆ. ಮಾಸ್ತರು ದಿನವಿಡೀ ಅದರಲ್ಲೇ ಕೂರುವುದು. ಇನ್ನೊಂದಕ್ಕೆ ಗೆದ್ದಲು ಹಿಡಿಯಿತು, ಸುಟ್ಟು ಹಾಕಿದೆ ಎಂದು ಹನ್ನೊಂದು ವರ್ಷದ ಹಿಂದೆ ಅವರೇ ಮಗಳಿಗೆ ಹೇಳಿದ್ದರಂತೆ. ನಾನು ಅಲ್ಲೇ, ಪೀಪಾಯಿಯ ಮೇಲೆ ಕೂತು, ಏಣಿಯ ವಿಷಯ ಹೇಳಿದೆ. ಅವರು ಹತ್ತಿದ್ದರು, ಬೆನ್ನು ಕೊಟ್ಟು ನಿಂತಿದ್ದರು, ಸರಿಯಾಗಿಯೇ ನೋಡಿಕೊಂಡಿದ್ದರು ಎಂದೆ. ವಾರಿಜ ನನ್ನ ಮುಖವನ್ನೇ ನೋಡಿದಳು. ನನ್ನನ್ನು ಬೈಯುತ್ತಾಳೆ ಎಂದುಕೊಂಡೆ, ಬೈದಿದ್ದರೆ ಹಗುರವಾಗುತ್ತಿತ್ತು. ಅವಳು ಸೆರಗು ಕೊಡವಿ ಎದ್ದು, ಬನ್ನಿ ಲಿಂಗಪ್ಪಣ್ಣ, ಮನೆಗೆ ಹೋಗುವ ಎಂದಳು.

ಮಾಸ್ತರು ಊಟಕ್ಕೆ ಕೂತಿದ್ದರು. ವಾರಿಜ ಗಂಜಿ ಬಡಿಸಿದಳು, ಉಪ್ಪಿನಕಾಯಿ ಹಾಕಿದಳು, ನನಗೂ ಒಂದು ಬಟ್ಟಲು ಇಟ್ಟಳು. ಆಮೇಲೆ ಸೌಟನ್ನು ಪಾತ್ರೆಯೊಳಗೆ ಬಿಟ್ಟು ಹೇಳಿದಳು.

"ಅಮ್ಮನ ಕುರ್ಚಿಗೆ ಗೆದ್ದಲು ಹಿಡೀಲಿಲ್ಲ, ಅಪ್ಪ."

ಮಾಸ್ತರು ಬಟ್ಟಲಿನಿಂದ ಕೈ ತೆಗೆದರು. ನಾನು ಎದ್ದು ಹೋಗುವುದೋ ಕೂರುವುದೋ ತಿಳಿಯದೆ ಉಪ್ಪಿನಕಾಯಿಯ ಹೋಳನ್ನು ನೋಡುತ್ತಿದ್ದೆ. ಕೊನೆಗೆ ಅವರೇ ಶುರು ಮಾಡಿದರು. ಕಮಲಾಕ್ಷಿಯಕ್ಕ ನಲವತ್ತು ವರ್ಷ ದಿನ ಓದುವವನ ಹೆಂಡತಿಯಾಗಿದ್ದೂ ಒಂದು ಹಡಗನ್ನೂ ಹತ್ತಿದವರಲ್ಲ. ಕೇಳಿದವರೂ ಅಲ್ಲ. ಕೊನೆಯ ದಿನಗಳಲ್ಲಿ ಮಾತ್ರ, ತನ್ನ ಮನೆಯ ಹಡಗಿನ ಮೇಲೆ ಒಮ್ಮೆ ಕೂತು ಊರನ್ನು ನೋಡಬೇಕು ಎಂದಿದ್ದರು. ನಿಯಮ ಮುರಿದಾದರೂ ಸರಿ ಎಂದು ಮಾಸ್ತರು ಒಪ್ಪಿದ್ದರು. ಹತ್ತೊಂಬತ್ತರ ಬೆಳಿಗ್ಗೆ ಕಮಲಾಕ್ಷಿಯಕ್ಕನಿಗೆ ಜ್ವರ ಏರಿತು. ಇವತ್ತು ಆಗುವುದಿಲ್ಲ, ನಾಳೆ ಹೋಗುವ ಎಂದರಂತೆ.

"ಅವಳಿಗೆ ಜ್ವರದಲ್ಲಿ ನೆನಪಿರ್ಲಿಲ್ಲ, ನಾಳೆಗೆ ಹಡಗು ಇರುದಿಲ್ಲ ಅಂತ," ಎಂದರು ಮಾಸ್ತರು. "ನನಗೆ ಅದನ್ನು ಹೇಳ್ಲಿಕ್ಕೆ ಬಾಯಿ ಬರ್ಲಿಲ್ಲ. ಹೋಗಿ ತಪ್ಪು ಓದಿದೆ. ನಾಳೆಗೆ ಅಂತ ನಿಲ್ಸಿದ್ದು ನಾನು. ಸಂಜೆ ಕುರ್ಚಿ ತಕೊಂಡು ಹೋಗಿ ಕಟ್ಟಿ ಇಟ್ಟು ಬಂದೆ. ಬೆಳಿಗ್ಗೆಗೆ ಅವಳೇ ಇಲ್ಲ."

ಮರುವರ್ಷ ತಿದ್ದಬಹುದಿತ್ತಲ್ಲ ಎಂದು ವಾರಿಜ ಕೇಳಿದಳು. ಅವರು ಗೋಡೆಯ ಕಡೆ ನೋಡುತ್ತ, ಅದು ಅಲ್ಲಿ ನಿಂತಿರುವವರೆಗೆ ಆ ದಿನ ಮುಗಿದಿಲ್ಲ ಎಂದು ಅನ್ನಿಸುತ್ತಿತ್ತು, ಅದು ಹೋದರೆ ಅವಳೂ ಹೋದ ಹಾಗೆ ಎಂದರು. ಆಮೇಲೆ ದೋಣಿಗಳು ಒಡೆದವು. ಒಡೆದ ಮೇಲೆ ನಿಜ ಹೇಳಲು ಮುಖವಿರಲಿಲ್ಲ. ಕಾಲು ನೋವಿಗೆ ತಪ್ಪು ಓದಿದವನನ್ನು ನೋಡಿ ಊರು ನಗುತ್ತದೆ, ಬೇಕೆಂದೇ ತಪ್ಪು ಓದಿದವನನ್ನು ಊರು ಏನು ಮಾಡುತ್ತದೆ ಎಂದು ನನ್ನನ್ನು ಕೇಳಿದರು.

ವಾರಿಜ ಅಳುತ್ತಿದ್ದಳು. ಆದರೆ ಅವಳ ದನಿ ದಿನ ಓದುವಾಗಿನ ಹಾಗೆ ನೆಟ್ಟಗಿತ್ತು.

"ಹೋದ್ರೆ ಅದು ವರ್ಷಕ್ಕೊಂದ್ಸಲ ಬರ್ತದೆ, ಅಪ್ಪ. ನಿಂತ್ರೆ ಇಪ್ಪತ್ತಕ್ಕೆ ಸೌದೆ ಆಗ್ತದೆ. ಮತ್ತೆ ಅಮ್ಮನಿಗೆ ದಿನವೇ ಇಲ್ಲ. ನೀವೇ ಹೇಳಿ, ಯಾವುದು ಬೇಕು?"

ಹತ್ತೊಂಬತ್ತರ ಬೆಳಿಗ್ಗೆ ಮಾಸ್ತರು ಬಿಳಿ ಪಂಚೆ ಉಟ್ಟು, ಮಗಳ ಹೆಗಲು ಹಿಡಿದು ಧಕ್ಕೆಗೆ ಬಂದರು. ದಾರಿಯುದ್ದಕ್ಕೂ ಜನ ಬಾಗಿಲಿಗೆ ಬಂದು ನೋಡಿದರು. ಈಗ ಅವರ ಮೊಣಕಾಲು ನಿಜವಾಗಿಯೂ ಕೆಟ್ಟಿದೆ, ಹಗ್ಗದ ಏಣಿಯ ಮಾತೇ ಇಲ್ಲ. ನಾನೂ ವಾರಿಜಳೂ ಮೊದಲೇ ಹತ್ತಿ ಕೋಣೆಯಿಂದ ಕುರ್ಚಿಯನ್ನು ತೆಗೆದು, ಹಗ್ಗ ಬದಲಿಸಿ, ಅಡ್ಡಮರದ ಮೇಲಿಂದ ಕೆಳಗೆ ಇಳಿಬಿಟ್ಟೆವು. ಮಾಸ್ತರು ಕುರ್ಚಿಯನ್ನು ಕಂಡು ಒಂದು ಗಳಿಗೆ ನಿಂತರು. ಆಮೇಲೆ ದಿಂಬನ್ನು ಸರಿ ಮಾಡಿ ಕೂತರು. ಧಕ್ಕೆಯ ಮೇಲಿದ್ದವರು ಹಗ್ಗ ಎಳೆದರು. ಹೆಂಡತಿಗೆಂದು ಕಟ್ಟಿದ ಕುರ್ಚಿಯಲ್ಲಿ ಅವರು ಮೇಲೆ ಬಂದರು. ಹಲಗೆಯನ್ನು ನೋಡಿ, ಅದಕ್ಕೆ ಬೆನ್ನು ಕೊಟ್ಟು, ಎರಡೂ ಕೈ ಅಗಲಿಸಿ ನಿಂತರು. ಅಲ್ಲಿಂದ ಇಡೀ ಊರು ಕಾಣುತ್ತದೆ. ಅವರು ಅದನ್ನೂ ನೋಡಿದರು.

ಕೆಳಗಿಳಿದು ಕಲ್ಲಿನ ಮೇಲೆ ನಿಂತಾಗ ಧಕ್ಕೆ ತುಂಬಿತ್ತು. ಬಂಗೇರ ಮುಂದಿನ ಸಾಲಿನಲ್ಲೇ ಕೈ ಕಟ್ಟಿ ನಿಂತಿದ್ದ. ನಿಯಮದಂತೆ ತಪ್ಪಿದ್ದು ಹೇಗೆಂದು ಮೊದಲು ಹೇಳಬೇಕು. ಮಾಸ್ತರು ಅವನನ್ನು ನೋಡಿದರು, ಒಡೆದ ದೋಣಿಗಳು ಕಟ್ಟಿದ್ದ ಕಡೆ ನೋಡಿದರು. ಹನ್ನೊಂದು ವರ್ಷದ ಹಿಂದೆ ಮೊಣಕಾಲು ನೋವಿಗೆ ಏಣಿ ಹತ್ತದೆ ಧಕ್ಕೆಯಿಂದ ಓದಿದೆ ಎಂದರು. ಆಮೇಲೆ ಓದಿದರು: ವರ್ಷ, ದಿನ, ಎರಡು ಕಂಬ, ಹಗ್ಗ ಮತ್ತು ಒಣಹಣ್ಣು, ನೀಲಿ ಗುರಾಣಿ, ಬಿಳಿ ಪಟ್ಟಿ, ಕುದುರೆ ಬಲಕ್ಕೆ, ಏಡಿ ಎಡಕ್ಕೆ. ಒಂದು ಅಕ್ಷರ ತಪ್ಪಿರಲಿಲ್ಲ. ಎಲ್ಲರೂ ಪತಾಕೆಯತ್ತ ನೋಡಿದರು. ಪತಾಕೆ ಅಲ್ಲಾಡಲಿಲ್ಲ.

ಜನ ಗುಜುಗುಜು ಶುರು ಮಾಡಿದರು. ಬಂಗೇರ, ನಾಳೆ ಕೊಡಲಿ ತರಲು ಹೇಳಿ ಎಂದು ಪಕ್ಕದವನಿಗೆ ಹೇಳಿದ್ದು ನನಗೂ ಕೇಳಿಸಿತು. ವಾರಿಜ ಅಪ್ಪನ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದಳು. ಸಭೆಗಳಲ್ಲಿ ಬಾಯಿ ಬಿಡುವವನಲ್ಲ ನಾನು. ಆದರೂ ಕುಂಚ ಕೆಳಗಿಟ್ಟು ಹೇಳಿದೆ.

"ನೀವು ಹತ್ತಿದ್ದಿರಿ ಮಾಸ್ತರೇ. ಏಣಿ ಹಿಡಿದದ್ದು ನಾನಲ್ವಾ? ನಾನೂ ಇಷ್ಟು ವರ್ಷ ಸುಳ್ಳೇ ಹೇಳಿದ ಹಾಗೆ ಆಯ್ತು."

ಮಾಸ್ತರು ಕಣ್ಣು ಮುಚ್ಚಿದರು. ತೆರೆದಾಗ ಅವರ ದನಿ ಬೇರೆಯಾಗಿತ್ತು. ಹತ್ತಿದ್ದೆ, ಸರಿಯಾಗಿ ನೋಡಿದ್ದೆ, ಬೇಕೆಂದೇ ತಪ್ಪು ಓದಿದೆ ಎಂದರು. ಹೆಂಡತಿ ನಾಳೆ ಹತ್ತುತ್ತೇನೆ ಎಂದಿದ್ದಳು, ಅವಳಿಗೆ ಒಂದು ನಾಳೆ ಬೇಕಿತ್ತು, ಅದಕ್ಕಾಗಿ ಊರಿನ ಹಡಗನ್ನು ಹಿಡಿದಿಟ್ಟೆ. ಏಳು ದೋಣಿ ಒಡೆದದ್ದು ನನ್ನಿಂದ ಎಂದರು. ದೋಣಿಗಳ ಹೆಸರನ್ನು ಒಂದೊಂದಾಗಿ ಹೇಳಿದರು. ಬಂಗೇರನ ಅಪ್ಪ ಕಟ್ಟಿದ ದೋಣಿಯ ಹೆಸರನ್ನು ಕೊನೆಗೆ ಹೇಳಿದರು. ಆಮೇಲೆ ಇನ್ನೊಮ್ಮೆ ಓದಿದರು. ಏಡಿ ಎಡಕ್ಕೆ ಎಂಬಲ್ಲಿ ದನಿ ಒಡೆಯಿತು, ಆದರೂ ಓದಿದರು. ಮಾಸಿದ ನೀಲಿ ಬಟ್ಟೆ ಕಂಬದ ಬುಡದಿಂದ ಮೆಲ್ಲಗೆ ಬಿಚ್ಚಿಕೊಂಡು ಮೇಲೇರಿತು.

ಯಾರೂ ಚಪ್ಪಾಳೆ ತಟ್ಟಲಿಲ್ಲ, ಯಾರೂ ಬೈಯಲೂ ಇಲ್ಲ. ಬಂಗೇರ ಕಟ್ಟಿದ್ದ ಕೈ ಬಿಟ್ಟು, "ಹೇಳಿದ್ರೆ ನಾಲ್ಕು ದಿನ ನಾವೇ ನಿಲ್ಸಿ ಕೊಡ್ತಿದ್ದೆವಲ್ಲ ಮಾಸ್ತರೇ," ಎಂದ. ಅದು ಸಿಟ್ಟೋ ದುಃಖವೋ ನನಗೆ ಗೊತ್ತಾಗಲಿಲ್ಲ. ಬಹುಶಃ ಅವನಿಗೂ ಗೊತ್ತಿರಲಿಲ್ಲ. ಅವನು ಅವರನ್ನು ಕ್ಷಮಿಸಿದ ಎಂದು ನಾನು ಹೇಳುವುದಿ‌ಲ್ಲ; ಇವತ್ತಿಗೂ ಅವರ ಮನೆಯ ಮುಂದೆ ಹೋಗುವಾಗ ಆಚೆ ಬದಿಯಲ್ಲೇ ನಡೆಯುತ್ತಾನೆ. ಆದರೆ ಅವತ್ತು ಸಂಜೆ ಹಗ್ಗ ಎಳೆಯಲು ಜನ ಬೇಕಾದಾಗ ಮೊದಲು ಕೈ ಹಾಕಿದ್ದು ಅವನೇ.

ಹಗ್ಗ ಎಳೆದದ್ದು ಇನ್ನೊಂದು ಕುರ್ಚಿಗೆ. ಮಧ್ಯಾಹ್ನ ವಾರಿಜ ಅಮ್ಮನ ಕುರ್ಚಿಯನ್ನು ಇಳಿಸಿ ಮನೆಗೆ ತರಲು ಹೊರಟಾಗ ಮಾಸ್ತರು ತಡೆದರು. ಅದು ಅಲ್ಲೇ ಇರಲಿ, ಚಾವಡಿಯದ್ದನ್ನೂ ತಂದು ಹಾಕಿ ಎಂದರು. ನಿಮಗೆ ಕೂರಲು ಏನು ಎಂದು ಮಗಳು ಕೇಳಿದಳು. "ನನಗೆ ಸ್ಟೂಲು ಸಾಕು. ಅವಳು ಒಬ್ಬಳೇ ಕೂತ್ಕೊಳ್ಳುದು ಬೇಡ," ಎಂದರು. ಹೊತ್ತು ಇಳಿಯುತ್ತಿತ್ತು, ನನಗೆ ಅವಸರ. ಎರಡೂ ಕುರ್ಚಿಗಳನ್ನು ಹಲಗೆಯ ಮುಂದೆ, ಊರಿನ ಕಡೆ ಮುಖ ಮಾಡಿ ಇಟ್ಟು ಇಳಿದುಬಂದೆ. ಕಮಲಾಕ್ಷಿಯಕ್ಕನ ನೀಲಿ ನೂಲಿನದ್ದು ಕುದುರೆಯ ಕೆಳಗೆ, ಬಲಕ್ಕೆ ಬಂತು. ಅದರ ಬಗ್ಗೆ ನಾನು ಹೆಚ್ಚು ಯೋಚಿಸಲಿಲ್ಲ. ಹನ್ನೊಂದು ವರ್ಷದ ಮೇಲೆ ಹಡಗು ಕಟ್ಟು ಬಿಟ್ಟು ಹೊರಟಿತು. ಅಳಿವೆ ದಾಟುವವರೆಗೆ ಮಾಸ್ತರು ನೋಡಿದರು, ಆಮೇಲೆ ಹಸಿವಾಗುತ್ತದೆ ಎಂದರು.

ಫೆಬ್ರವರಿ ಇಪ್ಪತ್ತೊಂಬತ್ತರ ದೊಡ್ಡ ಹಡಗು ಬಂದು ಆರಾಮಾಗಿ ನಿಂತು ಹೋಯಿತು. ಧಕ್ಕೆಯಿಂದ ಓದುವುದು ಎಂಬ ಮಾತು ಮಾತ್ರ ಹೋಗಲಿಲ್ಲ. ಆದರೆ ಅದರ ಅರ್ಥ ಬದಲಾಗುತ್ತ ಬಂತು. ಮನೆಯವರ ಆರೋಗ್ಯ ನೋಡಿಕೊಳ್ಳಲು ಕೆಲಸ ತಪ್ಪಿಸಿದವನನ್ನು, ಯಾರದೋ ಮುಖ ನೋಡಿ ಸುಳ್ಳು ಹೇಳಿದವನನ್ನು ಈಗ ಹಾಗೆನ್ನುತ್ತಾರೆ. ವಾರಿಜ ಅದನ್ನು ಕೇಳಿದರೂ ಲೋಟ ಇಟ್ಟು ಏಳುವುದಿಲ್ಲ.

ಮರುವರ್ಷ ನವೆಂಬರ್ ಹತ್ತೊಂಬತ್ತರಂದು ಹಡಗು ಸರಿಯಾದ ಹೊತ್ತಿಗೆ ಬಂತು. ಮಾಸ್ತರು ಸ್ನಾನ ಮಾಡಿ ಬಂದು, ಹಗ್ಗ ಮುಟ್ಟಿ, ಧಕ್ಕೆಯ ಮೇಲೆ ಮಾಲತಿಯ ಕ್ಯಾಂಟೀನಿನ ಸ್ಟೂಲು ಹಾಕಿಕೊಂಡು ಕೂತರು. ವಾರಿಜ ಮುಂದೆ, ನಾನು ಹಿಂದೆ ಏಣಿ ಹತ್ತಿದೆವು. ಕುರ್ಚಿಗಳೆರಡೂ ಹಲಗೆಯ ಮುಂದೆ, ಊರಿನ ಕಡೆ ಮುಖ ಮಾಡಿಕೊಂಡೇ ಇದ್ದವು. ವಾರಿಜ ಹಲಗೆಗೆ ಬೆನ್ನು ಕೊಟ್ಟು ನಿಂತು, ಎಡಬಲ ನೋಡಿಕೊಂಡು ಇಳಿದಳು. ಕಲ್ಲಿನ ಮೇಲೆ ನಿಂತು ವರ್ಷ, ದಿನ, ಹಗ್ಗ, ಒಣಹಣ್ಣು ಎಂದು ಓದಿ, ಬೆತ್ತದ ಕುರ್ಚಿ ಎರಡು ಎಂದು ಸೇರಿಸಿದಳು. ಯಾರೂ ನಗಲಿಲ್ಲ. ಆಗ ಸ್ಟೂಲಿನ ಮೇಲಿಂದ ಮಾಸ್ತರು ಕೇಳಿದರು.

"ನೀಲಿ ನೂಲಿನದ್ದು ಯಾವ ಬದಿಗುಂಟು?"

"ಎಡಕ್ಕೆ, ಅಪ್ಪ. ಏಡಿಯ ಕೆಳಗೆ."

"ಹಾಂ, ಅದೇ ಅವಳ ಬದಿ," ಎಂದು ಮಾಸ್ತರು ತಲೆಯಾಡಿಸಿದರು. ವಾರಿಜ ಲಾಂಛನ ಓದಿ ಮುಗಿಸಿದಳು, ಪತಾಕೆ ಏರಿತು, ಜನ ತಮ್ಮ ತಮ್ಮ ಕೆಲಸಕ್ಕೆ ಹೋದರು. ನಾನು ಬೋರ್ಡಿನ ಮೇಲೆ ಕುದುರೆ ಬರೆದೆ, ಏಡಿ ಬರೆದೆ, ಕೆಳಗೆ ಎರಡು ಕುರ್ಚಿ ಬರೆದು ಎಡದ್ದಕ್ಕೆ ನೀಲಿ ಬಣ್ಣ ಹಚ್ಚಿದೆ. ಹಿಂದಿನ ವರ್ಷ ನಾನು ಅದನ್ನು ಇಟ್ಟದ್ದು ಬಲಕ್ಕೆ ಎಂದು ಯಾರಿಗೂ ಹೇಳಿಲ್ಲ.